ಬ್ಯಾಡಗಿಗೆ 5 ಕೆಜಿ ಮೆಣಸಿನಕಾಯಿ ತರೋಕೆ ಹೋಗಿದ್ದೆ

ಹೆಸರುಬೇಳೆ:

ನಮ್ಮನೆಯಲ್ಲಿ ಸಾರಿನ ಪುಡಿ ವರ್ಷಕ್ಕೆ ಒಂದೇ ಸಲ ಮಾಡುವುದು. ಮಾರ್ಚ್ ಬಂತು ಅಂದರೆ ಅಮ್ಮನಿಗೆ ಮೆಣಸಿನಕಾಯಿದೇ ಧ್ಯಾನ. ಹೋದ ವರ್ಷ ಬೆಂಗಳೂರಿನಲ್ಲಿ ಬ್ಯಾಡಗಿ ಅಂತ ಹೇಳಿ ಕೊಟ್ಟಿದ್ದು ಬಣ್ಣವೇ ಬಿಡಲಿಲ್ಲ. ಬರೀ ಖಾರ. ವರ್ಷಪೂರ್ತಿ ಸಾರು ತಿಂದಾಗಲೆಲ್ಲ ಅದೇ ಮಾತು.

ಈ ಸಲ ಹುಬ್ಬಳ್ಳಿಯಲ್ಲಿ ಮದುವೆ ಇತ್ತು. ವಾಪಸ್ ಬರುವಾಗ ಹೆದ್ದಾರಿಯಲ್ಲಿ ಮೋಟೆಬೆನ್ನೂರು ಬೋರ್ಡ್ ಕಂಡಿತು. ಅಲ್ಲಿಂದ ಬ್ಯಾಡಗಿ ಕೂಗಳತೆ. ಅವತ್ತು ಸೋಮವಾರ ಬೇರೆ, ಅಲ್ಲಿ ವ್ಯಾಪಾರದ ದಿನ. ನಮ್ಮೆಜಮಾನರು ಕಾರು ತಿರುಗಿಸಿಯೇಬಿಟ್ಟರು.

ಊರು ಕಾಣುವ ಮೊದಲೇ ಘಾಟು ಬಂತು. ಗಾಜು ಏರಿಸಿದರೂ ಮಗಳು ಸೀನುತ್ತಲೇ ಇದ್ದಳು. ರಸ್ತೆ ತುಂಬ ಟ್ರ್ಯಾಕ್ಟರ್, ಲಾರಿ, ಚೀಲ ಹೇರಿಕೊಂಡ ಸಣ್ಣ ಗಾಡಿಗಳು. ಕಾರನ್ನು ದೂರ ನಿಲ್ಲಿಸಿ ನಡೆದುಕೊಂಡು ಹೋದೆವು.

ಮಾರುಕಟ್ಟೆ ಪ್ರಾಂಗಣದಲ್ಲಿ ಸಾಲು ಸಾಲು ದಲಾಲಿ ಅಂಗಡಿಗಳು. ಅವುಗಳ ಮುಂದೆ ಮೆಣಸಿನಕಾಯಿ ರಾಶಿ. ಕೆಂಪು ಅಂದರೆ ಒಂದೇ ಕೆಂಪು ಅಂದುಕೊಂಡಿದ್ದೆ. ಒಂದು ರಾಶಿ ಕುಂಕುಮದ ಹಾಗೆ, ಪಕ್ಕದ್ದು ಹಳೇ ಇಟ್ಟಿಗೆ, ಅದರಾಚೆಯದು ಹೆಚ್ಚುಕಡಿಮೆ ಒಣದ್ರಾಕ್ಷಿಯ ಬಣ್ಣ.

ಒಬ್ಬ ಖರೀದಿದಾರರ ಹಿಂದೆ ಸ್ವಲ್ಪ ಹೊತ್ತು ಸುಮ್ನೆ ಸುತ್ತಿದೆ. ಬಿಳಿ ಶರ್ಟಿನ ತೋಳಿನ ಅಂಚು ಗುಲಾಬಿಯಾಗಿತ್ತು. ರಾಶಿಯ ಮುಂದೆ ನಿಲ್ಲುತ್ತಾರೆ. ಮೇಲಿನದ್ದು ಬಿಟ್ಟು ಒಳಗೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾರೆ. ಮುಷ್ಟಿಯಲ್ಲಿ ಅದುಮಿ ಬಿಡುತ್ತಾರೆ. ಒಂದು ಕಾಯಿ ಮುರಿದು ಬೀಜ ನೋಡುತ್ತಾರೆ, ಸಿಪ್ಪೆಯನ್ನು ಹೆಬ್ಬೆರಳಿಗೆ ಉಜ್ಜುತ್ತಾರೆ. ಮೊಬೈಲಿನಲ್ಲಿ ಏನೋ ಒತ್ತಿ ಮುಂದಿನ ರಾಶಿಗೆ ಹೋಗುತ್ತಾರೆ. ಎಲ್ಲ ಸೇರಿ ಅರ್ಧ ನಿಮಿಷವೂ ಇಲ್ಲ. ರಾಶಿ ಪಕ್ಕದಲ್ಲಿ ನಿಂತ ರೈತ ಒಂದು ಮಾತೂ ಆಡಲಿಲ್ಲ. ಆತ ಮೆಣಸಿನಕಾಯಿ ಕಡೆ ನೋಡಲೇ ಇಲ್ಲ. ಖರೀದಿದಾರರ ಮುಖವನ್ನೇ ನೋಡುತ್ತಿದ್ದ.

ನಾನು ಒಂದು ಅಂಗಡಿಗೆ ಹೋಗಿ "5 ಕೆಜಿ ಕೊಡ್ತೀರಾ" ಅಂದೆ. ಗುಮಾಸ್ತರು ನಕ್ಕುಬಿಟ್ಟರು. "ಅಕ್ಕಾರ, ಇದು ಕಿರಾಣಿ ಅಂಗಡಿ ಅಲ್ರೀ. ಇಲ್ಲಿ ಚೀಲದ ಲೆಕ್ಕ."

ಬ್ಯಾಡಗಿಯಲ್ಲಿ ಕಡ್ಡಿ, ಡಬ್ಬಿ ಅಂತ ಎರಡು ಬಗೆ. ಕೊನೆಗೆ ಹೊರಗಿನ ಚಿಲ್ಲರೆ ಅಂಗಡಿಯಲ್ಲಿ 3 ಕೆಜಿ ಕಡ್ಡಿ, 2 ಕೆಜಿ ಡಬ್ಬಿ ತಗೊಂಡೆ. ಅಷ್ಟರಲ್ಲಿ ಬುದ್ಧಿ ಇಲ್ಲದೆ ಕಣ್ಣು ಉಜ್ಜಿಕೊಂಡೆ. ಆಮೇಲಿನ ಕಥೆ ಕೇಳಬೇಡಿ. ನೆರಳಲ್ಲಿ ಕೂತು ಮೆಣಸಿನಕಾಯಿ ಆರಿಸುತ್ತಿದ್ದ ಅಜ್ಜಿಯೊಬ್ಬರು ಓಡಿ ಬಂದರು. "ಮೊದಲ ಕೈಗೆ ಎಣ್ಣಿ ಹಚ್ಚರೀ ಯವ್ವಾ, ಆಮ್ಯಾಲ ತೊಳೀರಿ" ಅಂತ ಸಣ್ಣ ಸೀಸೆಯಿಂದ ಶೇಂಗಾ ಎಣ್ಣೆ ಸುರಿದರು. ಬೆರಳಿನ ಉರಿ ನಿಜಕ್ಕೂ ಇಳಿಯಿತು. ಕಣ್ಣಿಗೆ ಬರೀ ನೀರೇ ಗತಿ.

ಗೊತ್ತಿರುವವರು ಹೇಳಿ. ನಾನು ತಂದಿದ್ದು ನಿಜವಾದ ಡಬ್ಬಿ ಹೌದೋ ಅಲ್ಲವೋ ಹೇಗೆ ತಿಳಿಯುವುದು? ಇನ್ನೊಂದು, ಅಷ್ಟು ದೊಡ್ಡ ರಾಶಿಯಿಂದ 5 ಕೆಜಿ ಕೊಟ್ಟರೆ ಅವರಿಗೆ ಏನು ನಷ್ಟ?


ಲೆಕ್ಕದ_ಪುಸ್ತಕ:

ನಾನು ಅಲ್ಲೇ ಒಂದು ದಲಾಲಿ ಅಂಗಡಿಯಲ್ಲಿ 6 ವರ್ಷ ಲೆಕ್ಕ ಬರೆದವನು. ನಿಮ್ಮ ಎರಡನೇ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಮೊದಲನೆಯದಕ್ಕೆ ರೈತರು ಯಾರಾದರೂ ಬರಲಿ.

ಆ ರಾಶಿ ಅಂಗಡಿಯವರದ್ದಲ್ಲ. ರೈತನದ್ದು. ದಲಾಲರು ಅದನ್ನು ಮಾರಿಸಿಕೊಡುವವರು ಅಷ್ಟೇ. ಒಬ್ಬ ರೈತ ತಂದ ಒಂದು ನಮೂನೆಯ ಮಾಲು ಒಂದು ಲಾಟು. ಪ್ರತಿ ಲಾಟಿಗೂ ಒಂದು ನಂಬರ್. ಲೈಸೆನ್ಸ್ ಇರುವ ಖರೀದಿದಾರರು ಬೆಳಿಗ್ಗೆಯಿಂದ ಸುತ್ತಿ ನೋಡಿ, ತಮಗೆ ಬೇಕಾದ ಲಾಟಿನ ನಂಬರಿಗೆ ಕ್ವಿಂಟಲ್ ಲೆಕ್ಕದಲ್ಲಿ ದರ ಹಾಕುತ್ತಾರೆ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಟೆಂಡರ್ ಮುಗಿದ ಮೇಲೆ ಯಾರದು ಜಾಸ್ತಿಯೋ ಅವರಿಗೆ ಮಾಲು. ದರ ಒಪ್ಪಿಗೆ ಇಲ್ಲ ಅಂದರೆ ರೈತ ಕೊಡಲ್ಲ ಅನ್ನಬಹುದು. ಒಪ್ಪಿದರೆ ತೂಕ, ಆಮೇಲೆ ಪಟ್ಟಿ, ಅಂದರೆ ರೈತನಿಗೆ ಕೊಡುವ ಮಾರಾಟದ ಲೆಕ್ಕದ ಚೀಟಿ.

ಈಗ ಯೋಚಿಸಿ. ಟೆಂಡರ್ ನಡೆಯುವಾಗ ನಿಮ್ಮಂಥವರು ಹತ್ತು ಜನ ಬಂದು ಚೆಂದದ ಕಾಯಿ ಆರಿಸಿ ಐದೈದು ಕೆಜಿ ಒಯ್ದರೆ? ಬೆಳಿಗ್ಗೆ ದರ ಹಾಕಿದವರು ನೋಡಿದ ರಾಶಿ ಬೇರೆ, ಸಂಜೆ ತೂಗುವ ರಾಶಿ ಬೇರೆ. ಜಗಳ ಅಲ್ಲೇ ಹುಟ್ಟುತ್ತದೆ.

ಮೊದಲು ಈ ದರವನ್ನೆಲ್ಲ ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕುತ್ತಿದ್ದರು. ಆಮೇಲೆ ಕೂತು ಚೀಟಿ ಬಿಚ್ಚಿ ಓದುವುದು. 2014ರಲ್ಲಿ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ ಶುರುವಾದ ಮೇಲೆ ಒಂದೊಂದೇ ಮಾರುಕಟ್ಟೆ ಕಂಪ್ಯೂಟರಿಗೆ ಬಂತು. ಚೀಟಿ ಹೋಯಿತು, ಮುಷ್ಟಿಯಲ್ಲಿ ಅದುಮುವುದು ಹೋಗಲಿಲ್ಲ. ಅದು ತೇವ ನೋಡುವ ವಿಧಾನ. ಒಣಗಿದ ಕಾಯಿ ಗಲಗಲ ಅನ್ನುತ್ತದೆ. ಹಸಿ ಇದ್ದರೆ ಕೈಯಲ್ಲಿ ಮುದ್ದೆಯಾಗಿ ಉಳಿಯುತ್ತದೆ.


ಕುಂದಾಪ್ರ_ಮಾಣಿ:

ಇದನ್ನು ಓದಿಯೇ ಮೂಗು ಉರಿಯಿತು.

ನಮ್ಮ ಕರಾವಳಿಯಲ್ಲಿ ಮೆಣಸು ಅಂದರೆ ಇದೇ. ಘಟ್ಟದ ಮೇಲಿನವರು ಮೆಣಸು ಅನ್ನುವುದಕ್ಕೆ ನಾವು ಒಳ್ಳೆಮೆಣಸು ಅನ್ನುತ್ತೇವೆ. ಒಮ್ಮೆ ಬೆಂಗಳೂರಿನ ರೂಮ್‌ಮೇಟಿಗೆ "ಮೆಣಸು ತಾ" ಅಂದೆ, ಕಾಲು ಕೆಜಿ ಕಾಳುಮೆಣಸು ತಂದ. ಅದರ ದುಡ್ಡಿನಲ್ಲಿ ಊಟವೇ ಆಗುತ್ತಿತ್ತು.

ಘೀ ರೋಸ್ಟ್ ಕೆಂಪು ಬರುವುದು ಬ್ಯಾಡಗಿಯಿಂದಲೇ. ಖಾರ ಬೇಕಾದರೆ ಜೊತೆಗೆ ನಾಲ್ಕು ಗಿಡ್ಡ ಮೆಣಸು. ಬಣ್ಣದ ಪುಡಿ ಹಾಕುವ ಹೋಟೆಲುಗಳ ಬಗ್ಗೆ ಮಾತಾಡುವುದಿಲ್ಲ. ಬೇಜಾರು.


ಎರೆಹೊಲ:

ಕುಂದಗೋಳ ತಾಲೂಕಿನವನು. ಅಪ್ಪನ ಕಾಲದಿಂದ ಮೆಣಸಿನಕಾಯಿ ಹಾಕುತ್ತೇವೆ. ಹುಬ್ಬಳ್ಳಿಯಲ್ಲಿ ಬೇರೆ ಕೆಲಸವಿದೆ, ಆದರೂ ಹೊಲ ಬಿಟ್ಟಿಲ್ಲ.

ಅಕ್ಕಾರ, ನೋಡುವುದು ಹೀಗೆ. ಕಡ್ಡಿ ಉದ್ದ, ತೆಳ್ಳಗೆ, ಮೈ ತುಂಬ ಸುಕ್ಕು. ಬೀಜ ಕಮ್ಮಿ. ಡಬ್ಬಿ ಗಿಡ್ಡ, ದಪ್ಪ, ಹೊಟ್ಟೆ ಉಬ್ಬಿರುತ್ತದೆ. ಸುಕ್ಕು ಅದಕ್ಕೂ ಉಂಟು, ಬೀಜ ಜಾಸ್ತಿ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗೊತ್ತಾಗುತ್ತದೆ. ಪರಿಮಳದಲ್ಲಿ ಡಬ್ಬಿ ಮುಂದೆ. ಮಸಾಲೆಯವರು ಅದಕ್ಕೇ ಬೀಳುತ್ತಾರೆ. ಎರಡಕ್ಕೂ ಖಾರ ಕಮ್ಮಿ. ತಿಂದ ತಕ್ಷಣ ನಾಲಿಗೆ ಸುಟ್ಟರೆ ಅದು ಬ್ಯಾಡಗಿ ಅಲ್ಲ, ಅಥವಾ ಬ್ಯಾಡಗಿ ಜೊತೆ ಬೇರೆ ಏನೋ ಸೇರಿದೆ.

ಈಗ ಸಂಕರ ತಳಿಗಳೂ ಬಂದಿವೆ. ಅವಕ್ಕೆ ಹೆಸರಿಲ್ಲ, ನಂಬರೇ ಹೆಸರು. 5531, 2043 ಅಂತ. ಇಳುವರಿ ಚೆನ್ನಾಗಿ ಬರುತ್ತದೆ, ಹಾಗಾಗಿ ಬೆಳೆಯುತ್ತಾರೆ. ನಿಮ್ಮ ಕಿರಾಣಿ ಅಂಗಡಿಯವರಿಗೆ ಎಲ್ಲವೂ ಬ್ಯಾಡಗಿಯೇ.

ಇನ್ನೊಂದು ಮಾತು. ಬ್ಯಾಡಗಿ ಮೆಣಸಿನಕಾಯಿ ಅಂದರೆ ಬ್ಯಾಡಗಿಯಲ್ಲೇ ಬೆಳೆದದ್ದು ಅಂತ ಎಷ್ಟೋ ಜನರ ತಲೆಯಲ್ಲಿದೆ. ನಮ್ಮ ಕುಂದಗೋಳ, ಅಣ್ಣಿಗೇರಿ, ಗದಗ ಕಡೆಯ ಎರೆಭೂಮಿಯ ಮಾಲು ಎಲ್ಲ ಅಲ್ಲಿಗೇ ಹೋಗುತ್ತದೆ. ಬಳ್ಳಾರಿ, ರಾಯಚೂರಿಂದ ಬರುತ್ತದೆ. ಆಂಧ್ರದ ಕರ್ನೂಲಿನಿಂದ ರಾತ್ರಿಯಿಡೀ ಲಾರಿ ಬರುತ್ತವೆ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಬ್ಯಾಡಗಿ ಹೆಸರಿಗೆ. ಬೆಳೆದವರು ನಾವು, ಹೆಸರು ಸಂತೆಯದ್ದು. ಬೇಸರ ಇಲ್ಲ ಬಿಡಿ, ಮಾರಲು ಜಾಗ ಇದೆಯಲ್ಲ.


ಹೆಸರುಬೇಳೆ:

ಅಯ್ಯೋ, ನಾನು ದಾರಿಯುದ್ದಕ್ಕೂ ಮಗಳಿಗೆ "ನೋಡು, ಇವೆಲ್ಲ ಮೆಣಸಿನಕಾಯಿ ಹೊಲ" ಅಂತ ತೋರಿಸಿಕೊಂಡು ಬಂದೆ. ಅದು ಏನಿತ್ತೋ!


ಎರೆಹೊಲ:

ಆ ದಾರಿಯಲ್ಲಿ ಹೆಚ್ಚು ಕಾಣುವುದು ಗೋವಿನಜೋಳ, ಹತ್ತಿ. 😄


ಸತ್ಯ_ಹೇಳ್ತೀನಿ:

ಎಲ್ಲ ಸರಿ. ಆದರೆ ಈ ನಡುವೆ ಊರಿಗೊಬ್ಬ ವಿಡಿಯೊ ಮಾಡುವವನು. ಬ್ಯಾಡಗಿಗೆ ಡ್ರೋನ್ ತಗೊಂಡು ಹೋಗಿ "ಕೆಂಪು ಸಮುದ್ರ" ಅಂತ ಹಾಕುತ್ತಾರೆ. ಅದರ ಕೆಳಗೆ ಸಾವಿರ ಹೃದಯ. ಕ್ವಿಂಟಲಿಗೆ ಎಷ್ಟು ಸಿಕ್ಕಿತು ಅಂತ ಒಬ್ಬರೂ ಕೇಳುವುದಿಲ್ಲ. ಮಾರುಕಟ್ಟೆ ಏನು ಪ್ರವಾಸಿ ತಾಣವೇ? ಅಲ್ಲಿಗೆ ಹೋಗಿ ಕೆಲಸಕ್ಕೆ ಅಡ್ಡ ನಿಲ್ಲುವುದು ಬಿಟ್ಟು ಮನೆ ಹತ್ತಿರವೇ ತಗೊಳ್ಳಿ.


ಹೆಸರುಬೇಳೆ:

ಡ್ರೋನ್ ಇರಲಿಲ್ಲ, ಆದರೆ ನಾನೂ ಅಡ್ಡ ನಿಂತಿದ್ದೆ ಅನ್ನುವುದು ನಿಜ. ಬೆನ್ನ ಮೇಲೆ ಚೀಲ ಹೊತ್ತ ಹಮಾಲರು ಎರಡು ಸಲ "ಸರೀರೀ, ಸರೀರೀ" ಅಂದರು. ನಾನು ಫೋಟೋ ತೆಗೆಯುತ್ತಿದ್ದೆ. ಆಮೇಲೆ ನಾಚಿಕೆಯಾಗಿ ಫೋನ್ ಒಳಗಿಟ್ಟೆ.


ಎರೆಹೊಲ:

ಬರಬೇಡಿ ಅನ್ನುವುದಿಲ್ಲ. ಯಾಕೆ ಅನ್ನಬೇಕು? ಪೇಟೆ ಮಂದಿ ಬಂದು ನೋಡಲಿ. ಆದರೆ ದಿನ ನೋಡಿ ಬನ್ನಿ, ನಮ್ಮ ಮುಖ ನೋಡಿ ಮಾತಾಡಿಸಿ.

2024ರ ಮಾರ್ಚ್ 11 ನೆನಪಿದೆಯಾ? ಅದೂ ಸೋಮವಾರ. ಮಾಲು ಸಿಕ್ಕಾಪಟ್ಟೆ ಬಂದಿತ್ತು, ದರ ದಿಢೀರ್ ಬಿತ್ತು. ರೈತರು ರೊಚ್ಚಿಗೆದ್ದು ಮಾರುಕಟ್ಟೆ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಟಿವಿಯಲ್ಲಿ ಎಲ್ಲರೂ ನೋಡಿದರು. ಬೆಂಕಿ ಹಚ್ಚಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಮಾಲು ಅವತ್ತು ಮನೆಯಲ್ಲೇ ಇತ್ತು, ಗುರುವಾರಕ್ಕೆ ಅಂತ ಚೀಲ ತುಂಬಿಟ್ಟಿದ್ದೆವು. ಅಪ್ಪ ಟಿವಿ ಮುಂದೆ ಕೂತವರು ರಾತ್ರಿ ಊಟಕ್ಕೆ ಏಳಲಿಲ್ಲ.

ಯಾಕೆ ಅಷ್ಟು ಸಿಟ್ಟು ಅಂದರೆ, ಈ ಬೆಳೆ ಎಂಟು ಒಂಬತ್ತು ತಿಂಗಳ ಕಥೆ. ಮುಂಗಾರಿಗೆ ಹಾಕುತ್ತೇವೆ, ನಮ್ಮಲ್ಲಿ ಉಳ್ಳಾಗಡ್ಡಿ, ಹತ್ತಿ ಜೊತೆಗೇ ಹಾಕುವವರೂ ಇದ್ದಾರೆ. ಎಲೆ ಮುದುಡುವ ರೋಗ ಬಂದರೆ ಗಿಡ ಅಲ್ಲೇ ನಿಂತುಬಿಡುತ್ತದೆ. 2021ರಿಂದ ಈಚೆಗೆ ಕಪ್ಪು ಥ್ರಿಪ್ಸ್ ಅಂತ ಹೊಸ ಪೀಡೆ, ಹೂವಿನೊಳಗೇ ಕೂರುತ್ತದೆ. ಎಣ್ಣೆ ಹೊಡೆದು ಹೊಡೆದು ಸಾಲ ಏರುತ್ತದೆ. (ಎಣ್ಣೆ ಅಂದರೆ ಔಷಧ. ಬೆಂಗಳೂರಿನವರು ಬೇರೆ ತಿಳಿಯಬೇಡಿ.) ಕಾಯಿ ಒಂದೇ ಸಲ ಹಣ್ಣಾಗುವುದಿಲ್ಲ. ಎರಡು ಮೂರು ಸಲ ಬಿಡಿಸಬೇಕು, ಪ್ರತಿ ಸಲ ಆಳು. ಆಮೇಲೆ ಕಣದಲ್ಲಿ ಹರವಿ ದಿನಾ ತಿರುವಬೇಕು. ಅಕಾಲ ಮಳೆ ಒಂದು ಹನಿ ಬಿದ್ದರೂ ಬಿಳಿ ಕಲೆ. ಬಿಳಿಚಿಕೊಂಡ ಕಾಯಿಗೆ ಬೇರೆಯೇ ದರ.

ಆ ಎಂಟು ತಿಂಗಳನ್ನು ಅರ್ಧ ನಿಮಿಷ ಮುಷ್ಟಿಯಲ್ಲಿ ಅದುಮಿ ಬಿಡುತ್ತಾರೆ. ನೀವು ನೋಡಿದ ರೈತ ಯಾಕೆ ಮುಖ ನೋಡುತ್ತಿದ್ದ ಗೊತ್ತಾಯಿತಲ್ಲ. ದರ ಮಧ್ಯಾಹ್ನ ಗೊತ್ತಾಗುತ್ತದೆ, ಮುಖ ಬೆಳಿಗ್ಗೆಯೇ ಹೇಳುತ್ತದೆ.


ಲೆಕ್ಕದ_ಪುಸ್ತಕ:

ಈ ಮಾತಿಗೆ ಎರಡು ಸಾಲು ಸೇರಿಸುತ್ತೇನೆ. ಊರ ಸುತ್ತ ಕೋಲ್ಡ್ ಸ್ಟೋರೇಜ್‌ಗಳು ಎದ್ದಿವೆ. ದರ ಬಿದ್ದಾಗ ಅಲ್ಲಿಟ್ಟು ಕಾಯಬಹುದು. ಕಾಯುವ ತಾಕತ್ತು ಇರುವವರಿಗೆ ಅದು ಸರಿ. ಬೀಜ, ಗೊಬ್ಬರಕ್ಕೆ ಸಾಲ ಮಾಡಿದವನು, ಮನೆಯಲ್ಲಿ ಮದುವೆ ಇಟ್ಟುಕೊಂಡವನು ಎಲ್ಲಿ ಕಾಯುತ್ತಾನೆ? ನಾನು ಬರೆದ ಲೆಕ್ಕದಲ್ಲೇ ನೋಡಿದ್ದೇನೆ, ಪಟ್ಟಿ ಕೈಗೆ ಬರುವ ಮೊದಲೇ ಮುಂಗಡ ವಜಾ ಆಗಿರುತ್ತಿತ್ತು.

ಇನ್ನು ಆ ಮೆಣಸಿನಕಾಯಿ ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಕೇಳಲಿಲ್ಲ. ಮಸಾಲೆ ಕಂಪನಿಗಳು ಒಂದು ಭಾಗ. ಬಣ್ಣ ತೆಗೆಯುವ ಕಾರ್ಖಾನೆಗಳು ಇನ್ನೊಂದು. ಮೆಣಸಿನಕಾಯಿಯಿಂದ ಓಲಿಯೋರೆಸಿನ್ ಅಂತ ಗಟ್ಟಿ ಕೆಂಪು ಎಣ್ಣೆ ತೆಗೆಯುತ್ತಾರೆ. ಕೇರಳದ ಕೊಚ್ಚಿ ಕಡೆ ಈ ಉದ್ಯಮ ದೊಡ್ಡದು. ಅದು ತಿಂಡಿ ಪೊಟ್ಟಣಕ್ಕೂ ಹೋಗುತ್ತದೆ, ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಅವರಿಗೆ ಖಾರ ಬೇಡ, ರುಚಿ ಬೇಡ. ಬಣ್ಣದ ಅಂಕ ಎಷ್ಟು ಅಂತ ಲ್ಯಾಬಿನಲ್ಲಿ ಅಳೆಯುತ್ತಾರೆ. ಅದಕ್ಕೆ ಆಸ್ಟಾ ಅಂತ ಲೆಕ್ಕ. ನಿಮ್ಮ ಅಮ್ಮ ಸಾರಿಗೆ ಹುಡುಕುವುದೂ ಆ ಬಣ್ಣವನ್ನೇ, ಅಲ್ವಾ?


ಮಿಷಿಗನ್_ಒಗ್ಗರಣೆ:

ಇಲ್ಲಿ ಇಂಡಿಯನ್ ಸ್ಟೋರಿನಲ್ಲಿ ಬ್ಯಾಡಗಿ ಪ್ಯಾಕೆಟ್ ಸಿಗುತ್ತದೆ. ತಂದಾಗ ಚೆನ್ನಾಗಿರುತ್ತದೆ. ಮೂರು ತಿಂಗಳಿಗೆ ಮಂಕಾಗಿ ಕಂದು ಬಣ್ಣ. ಯಾಕೆ?


ಎರೆಹೊಲ:

ಬೆಳಕು, ಗಾಳಿ, ತೇವ. ಈ ಮೂರೂ ಬಣ್ಣದ ಶತ್ರು. ಗಾಜಿನ ಭರಣಿಯಲ್ಲಿ ಕಿಟಕಿ ಪಕ್ಕ ಇಡಬೇಡಿ, ಚೆಂದ ಕಾಣುತ್ತದೆ ಅಷ್ಟೇ. ಚೆನ್ನಾಗಿ ಒಣಗಿದ ಕಾಯನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ ಫ್ರೀಜರಿಗೆ ಹಾಕಿ. ಪುಡಿಯನ್ನು ಬೇಕಾದಷ್ಟೇ ಮಾಡಿಕೊಳ್ಳಿ. ಇಡಿ ಕಾಯಿ ಬಾಳುತ್ತದೆ, ಪುಡಿ ಬಾಳುವುದಿಲ್ಲ.


ರೈಲು_ಕಿಟಕಿ:

ಹೋಗಬೇಕು ಅನ್ನುವವರಿಗೆ ಸ್ವಲ್ಪ ದಾರಿ ಹೇಳುತ್ತೇನೆ. ನಾನು ಎರಡು ಸಲ ಹೋಗಿದ್ದೇನೆ. ಮೊದಲನೇ ಸಲ ಪೆದ್ದನಂತೆ ಭಾನುವಾರ ಹೋದೆ. ಖಾಲಿ ಪ್ರಾಂಗಣ, ನಾಲ್ಕು ನಾಯಿ, ನೆಲದ ಮೇಲೆ ಬೀಜ. ವ್ಯಾಪಾರ ನಡೆಯುವುದು ಸೋಮವಾರ, ಗುರುವಾರ. ಜನವರಿಯಿಂದ ಮಾರ್ಚ್‌ವರೆಗೆ ಮಾಲು ಜೋರು. ಮಳೆಗಾಲದಲ್ಲಿ ಹೋಗಿ ಕೆಂಪು ರಾಶಿ ಹುಡುಕಬೇಡಿ.

ಬ್ಯಾಡಗಿಗೆ ರೈಲು ನಿಲ್ದಾಣ ಇದೆ. ಹುಬ್ಬಳ್ಳಿ ದಾರಿಯಲ್ಲಿ ರಾಣೆಬೆನ್ನೂರು ಆದಮೇಲೆ, ಹಾವೇರಿಗೆ ಮೊದಲು. ಎಲ್ಲ ಗಾಡಿ ನಿಲ್ಲುವುದಿಲ್ಲ. ಹಾವೇರಿಯಲ್ಲಿ ಇಳಿದು ಬಸ್ ಹಿಡಿಯುವುದೇ ಸುಲಭ. ಬೆಂಗಳೂರಿಂದ ಕಾರಿನಲ್ಲಿ 300 ಚಿಲ್ಲರೆ ಕಿಲೋಮೀಟರ್.

ಅಷ್ಟು ದೂರ ಹೋದವರು ಕಾಗಿನೆಲೆ ಬಿಟ್ಟು ಬರಬೇಡಿ. ಅದೂ ಬ್ಯಾಡಗಿ ತಾಲೂಕೇ. ಕನಕದಾಸರ ಗದ್ದುಗೆ, ಆದಿಕೇಶವನ ಗುಡಿ. ಇನ್ನೊಂದು ಕಡೆ ಕದರಮಂಡಲಗಿ ಆಂಜನೇಯ. ಅವನು ಕಾಂತೇಶ. ಸಾತೇನಹಳ್ಳಿಯವನು ಶಾಂತೇಶ, ಶಿಕಾರಿಪುರದವನು ಭ್ರಾಂತೇಶ. ಮೂವರನ್ನೂ ಒಂದೇ ದಿನ ನೋಡಬೇಕು ಅಂತ ನಂಬಿಕೆ. ನಮ್ಮ ಅತ್ತೆ ನೋಡಿಸಿಯೇ ಬಿಟ್ಟರು, ಸೊಂಟ ಹಿಡಿದುಕೊಂಡಿತು.

ಎರಡನೇ ಸಲ ಹೋಗಿದ್ದು 2023ರ ಜನವರಿ. ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ಇತ್ತಲ್ಲ, ಆಗ. ಹಾವೇರಿಯ ಏಲಕ್ಕಿ ಹಾರ ಸಮ್ಮೇಳನದಲ್ಲಿ ಯಾರ್ಯಾರದೋ ಕೊರಳಲ್ಲಿ ನೋಡಿದ್ದೆ. ಮರುದಿನ ಬ್ಯಾಡಗಿಯಲ್ಲಿ ಮೆಣಸಿನಕಾಯಿ. ಒಂದು ಜಿಲ್ಲೆಗೆ ಎರಡು ಪರಿಮಳ ಅಂತ ಭಾಷಣ ಬಿಗಿಯಬಹುದು. ಆದರೆ ಏಲಕ್ಕಿ ಅಲ್ಲಿ ಬೆಳೆಯುವುದಿಲ್ಲ, ಬರೀ ಹಾರ ಕಟ್ಟುತ್ತಾರೆ.

ತಿನ್ನೋಕೆ ಮಿರ್ಚಿ ಮಂಡಕ್ಕಿ ಸಾಕು. ಮೆಣಸಿನಕಾಯಿ ಪೇಟೆಯಲ್ಲಿ ಕೂತು ಮೆಣಸಿನಕಾಯಿ ಬಜ್ಜಿ! ಜೊತೆಗೆ ಚಹಾ.


ಸತ್ಯ_ಹೇಳ್ತೀನಿ:

ಮಿರ್ಚಿ ಮಂಡಕ್ಕಿಗೆ ನನ್ನ ತಕರಾರು ಇಲ್ಲ.


ಕುಂದಾಪ್ರ_ಮಾಣಿ:

ಆ ಅಜ್ಜಿಯ ಬಗ್ಗೆ ಇನ್ನೂ ಸ್ವಲ್ಪ ಹೇಳಿ. ಅವರು ಅಲ್ಲಿ ಏನು ಕೆಲಸ ಮಾಡುತ್ತಿದ್ದರು?


ಹೆಸರುಬೇಳೆ:

ನಾಲ್ಕೈದು ಜನ ಹೆಂಗಸರು ಸುತ್ತ ಕೂತಿದ್ದರು. ಮೂಗು ಬಾಯಿಗೆ ಸೆರಗು ಕಟ್ಟಿಕೊಂಡಿದ್ದರು, ಕಣ್ಣು ಮಾತ್ರ ಕಾಣುತ್ತಿತ್ತು. ಎಡಗೈಯಲ್ಲಿ ನಾಲ್ಕು ಕಾಯಿ, ಬಲಗೈ ಹೆಬ್ಬೆರಳಿನಿಂದ ತೊಟ್ಟು ಮುರಿಯುವುದು. ಟಕ್ ಟಕ್ ಅಂತ. ನೋಡುವುದೇ ಇಲ್ಲ, ಮಾತಾಡುತ್ತಾ ಕೈ ತಾನೇ ನಡೆಯುತ್ತದೆ. ಬಿಳಿಚಿದ್ದು ಸಿಕ್ಕರೆ ಮಾತ್ರ ಕೈ ನಿಂತು, ಅದು ಪಕ್ಕದ ಬುಟ್ಟಿಗೆ. ಅಜ್ಜಿಯ ಹೆಬ್ಬೆರಳಿನ ಉಗುರು ಪೂರ್ತಿ ಸವೆದಿತ್ತು. "ಉರಿ ಆಗಲ್ವಾ" ಅಂದೆ. "ಮೊದಲ ಆಗ್ತಿತ್ತು" ಅಂದರು. ನಾನು ಮಗಳನ್ನು ಮುಟ್ಟೋಕೆ ಬಿಡಲಿಲ್ಲ. ಅವರು ಮೊಮ್ಮಗನನ್ನು ಪಕ್ಕದಲ್ಲೇ ಮಲಗಿಸಿದ್ದರು.


ಎರೆಹೊಲ:

ತೊಟ್ಟಿಗೆ ನಮ್ಮ ಕಡೆ ತುಂಬು ಅಂತಾರೆ. ತುಂಬು ಬಿಡಿಸುವ ಕೆಲಸ. ಸೀಸನ್‌ನಲ್ಲಿ ಹೆಂಗಸರಿಗೆ ದೊಡ್ಡ ದುಡಿಮೆ ಅದೇ. ದರ ಬಿದ್ದು ಮಾಲು ನಿಂತರೆ ಅವರ ಕೂಲಿಯೂ ನಿಲ್ಲುತ್ತದೆ. ಅದು ಟಿವಿಯಲ್ಲಿ ಬರಲಿಲ್ಲ.

ಅಂದಹಾಗೆ, ಅಮ್ಮ ನಿಮ್ಮ ಮೆಣಸಿನಕಾಯಿ ನೋಡಿ ಏನಂದರು? ಅದನ್ನು ಬರೆಯಲೇ ಇಲ್ಲ.


ಹೆಸರುಬೇಳೆ:

ನಿನ್ನೆ ಚೀಲ ಬಿಚ್ಚಿದೆವು. ಅಮ್ಮ ಕನ್ನಡಕ ಹಾಕಿಕೊಂಡು ಕೂತರು. ಮೇಲಿನದ್ದು ಬಿಟ್ಟು ಒಳಗೆ ಕೈ ಹಾಕಿ ಒಂದು ಹಿಡಿ ತೆಗೆದರು. ಮುಷ್ಟಿಯಲ್ಲಿ ಅದುಮಿದರು. ಒಂದು ಕಾಯಿ ಮುರಿದು ಬೀಜ ನೋಡಿದರು, ಮೂಸಿದರು. ನಾನು ಅಮ್ಮನ ಮುಖ ನೋಡುತ್ತಾ ನಿಂತಿದ್ದೆ.

ಡಬ್ಬಿ ಪಾಸಾಯಿತು. ಕಡ್ಡಿಯಲ್ಲಿ ಬೇರೆ ಜಾತಿ ಬೆರೆತಿದೆ ಅಂತ ಒಂದು ಹಿಡಿ ತೆಗೆದು ಪಕ್ಕಕ್ಕೆ ಹಾಕಿದರು. ನಿಮ್ಮ 5531 ಇರಬೇಕು.


ಎರೆಹೊಲ:

ಅಷ್ಟೇನಾ?


ಹೆಸರುಬೇಳೆ:

"ತೊಟ್ಟು ನೀನೇ ಬಿಡಿಸು" ಅಂದರು. ಎರಡು ಕೆಜಿ ಆಗಿದೆ, ಮೂರು ಬಾಕಿ. ಶೇಂಗಾ ಎಣ್ಣೆ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ.